ಒಂದೇ ಮನೆಯ ಹಾಲು, ಟೊಮೆಟೊ: ತಂತ್ರಜ್ಞಾನ ಎಲ್ಲಿ ದುಡ್ಡಾಗುತ್ತದೆ, ಎಲ್ಲಿ ಆಗುವುದಿಲ್ಲ

ಬೆಂಗಳೂರಿನ ಅಂಚಿನ ಹೆಸರಘಟ್ಟದಲ್ಲಿ ಎರಡೇ ವರ್ಷಗಳ ಅಂತರದಲ್ಲಿ ಎರಡು ಸಂಸ್ಥೆಗಳು ತಲೆಯೆತ್ತಿದವು. 1967ರಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ, 1969ರಲ್ಲಿ ಡೆನ್ಮಾರ್ಕ್ ನೆರವಿನಿಂದ ಘನೀಕೃತ ವೀರ್ಯ ಉತ್ಪಾದನಾ ಕೇಂದ್ರ. ಮೊದಲನೆಯದು ಟೊಮೆಟೊ, ಈರುಳ್ಳಿ, ಮೆಣಸಿನಕಾಯಿಗಳಲ್ಲಿ ‘ಅರ್ಕಾ’ ತಳಿಗಳನ್ನು ಕೊಟ್ಟಿತು. ಎರಡನೆಯದು ಹಸುಗಳ ತಳಿ ಸುಧಾರಣೆಗೆ ದಾರಿ ಮಾಡಿತು. ಇವತ್ತು ಹೊಸಕೋಟೆ, ಮಾಲೂರು, ಚಿಂತಾಮಣಿ ಕಡೆಯ ಹಳ್ಳಿಗಳಿಗೆ ಹೋದರೆ ಈ ಎರಡೂ ವಿಜ್ಞಾನಗಳ ಫಲ ಒಂದೇ ಮನೆಯಲ್ಲಿ ಕಾಣುತ್ತದೆ: ಕೊಟ್ಟಿಗೆಯಲ್ಲಿ ಮಿಶ್ರತಳಿ ಹಸು, ಹೊಲದಲ್ಲಿ ಹನಿ ನೀರಾವರಿಯ ಟೊಮೆಟೊ. ಆದರೆ ಮಗಳ ಕಾಲೇಜು ಶುಲ್ಕಕ್ಕೆ, ಕಿರಾಣಿ ಅಂಗಡಿಯ ಬಾಕಿಗೆ ಆ ಮನೆ ನೆಚ್ಚಿಕೊಳ್ಳುವುದು ಹಾಲಿನ ಬಟವಾಡೆಯನ್ನು. ಟೊಮೆಟೊ ದುಡ್ಡನ್ನು ನಂಬಿ ಯಾರೂ ಸಾಲದ ಕಂತಿನ ದಿನ ಗೊತ್ತು ಮಾಡುವುದಿಲ್ಲ.

ಕೃಷಿಗೆ ಸುಧಾರಿತ ತಂತ್ರಜ್ಞಾನ ಬೇಕು ಎಂಬುದರಲ್ಲಿ ಈಗ ಯಾರಿಗೂ ತಕರಾರಿಲ್ಲ. ಬಜೆಟ್ ಭಾಷಣದಲ್ಲಿ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ನಡೆಯುವ ಕೃಷಿ ಮೇಳದ ಮಳಿಗೆಗಳಲ್ಲಿ, ನಗರದ ನವೋದ್ಯಮಗಳ ಕಚೇರಿಗಳಲ್ಲಿ ಕೇಳಿಬರುವುದು ಇದೇ ಮಾತು. ನನ್ನ ತಕರಾರು ಇದರ ಬೆನ್ನಿಗೇ ಬರುವ ಇನ್ನೊಂದು ಮಾತಿನ ಬಗ್ಗೆ. ಇಳುವರಿ ಹೆಚ್ಚಿದರೆ ಆದಾಯ ತಾನಾಗಿ ಹೆಚ್ಚುತ್ತದೆ ಎಂದು ನಾವು ನಂಬಿ ಕೂತಿದ್ದೇವೆ. ಬೆಂಗಳೂರಿನ ಸುತ್ತಲಿನ ನಾಲ್ಕೈದು ಜಿಲ್ಲೆಗಳ ಅನುಭವವೇ ಈ ನಂಬಿಕೆಯನ್ನು ಅಲುಗಾಡಿಸುತ್ತದೆ. ಹೊಸ ತಂತ್ರಜ್ಞಾನದ ಜೊತೆ ನಷ್ಟದ ಒಂದು ಪಾಲನ್ನು ಹೊರುವವರು ಬೇರೆ ಯಾರಾದರೂ ಇದ್ದ ಕಡೆ ರೈತನ ಆದಾಯ ಏರಿದೆ. ನಷ್ಟವೆಲ್ಲ ಅವನ ತಲೆಯ ಮೇಲೇ ಉಳಿದ ಕಡೆ, ತಳಿ ಎಷ್ಟೇ ಚೆನ್ನಾಗಿರಲಿ, ಯಂತ್ರ ಎಷ್ಟೇ ಚುರುಕಾಗಿರಲಿ, ಏರಿದ್ದು ಉತ್ಪಾದನೆ ಮತ್ತು ಸಾಲ.

ಆದಾಯದ ಅಂಕಿಗಳನ್ನು ಒಮ್ಮೆ ನೋಡಿಬಿಡೋಣ. ರೈತರ ಆದಾಯವನ್ನು 2022ರ ಹೊತ್ತಿಗೆ ದುಪ್ಪಟ್ಟು ಮಾಡುವ ಗುರಿಯನ್ನು ಕೇಂದ್ರ ಸರ್ಕಾರ ಘೋಷಿಸಿದ್ದು 2016ರಲ್ಲಿ. ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ 2018-19ರಲ್ಲಿ ದೇಶದ ಒಂದು ಕೃಷಿ ಕುಟುಂಬದ ತಿಂಗಳ ಸರಾಸರಿ ಆದಾಯ ₹10,218. ಅದರಲ್ಲಿ ಬೆಳೆಯಿಂದ ಬಂದದ್ದು ₹3,798 ಮಾತ್ರ. ಕೂಲಿ, ಸಂಬಳದಿಂದ ಬಂದದ್ದು ಅದಕ್ಕಿಂತ ಹೆಚ್ಚು, ₹4,063. ಕೃಷಿ ಕುಟುಂಬ ಎಂದು ಕರೆಸಿಕೊಳ್ಳುವ ಮನೆಗೆ ಹೊಲಕ್ಕಿಂತ ಕೂಲಿಯೇ ಹೆಚ್ಚು ತಂದುಕೊಡುತ್ತಿದೆ. ಹಸಿರು ಕ್ರಾಂತಿ ಆಗಿ ಐವತ್ತು ವರ್ಷ ಕಳೆದ ಮೇಲಿನ ಚಿತ್ರ ಇದು.

ಟೊಮೆಟೊ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಬಯಲುಸೀಮೆಯಲ್ಲಿ ಇಷ್ಟು ಬೇಗ ಇಷ್ಟೊಂದು ತಂತ್ರಜ್ಞಾನ ತುಂಬಿಕೊಂಡ ಬೆಳೆ ಇನ್ನೊಂದಿಲ್ಲ. ಮೊದಲು ಮಡಿಯಲ್ಲಿ ಸಸಿ ಬೆಳೆಸುತ್ತಿದ್ದರು. ಈಗ ನರ್ಸರಿಯವರು ತೆಂಗಿನ ನಾರಿನ ಪುಡಿ ತುಂಬಿದ ಟ್ರೇಗಳಲ್ಲಿ ಬೆಳೆಸಿ ಕೊಡುತ್ತಾರೆ. ಏರುಮಡಿ, ಅದರ ಮೇಲೆ ಪ್ಲಾಸ್ಟಿಕ್ ಹೊದಿಕೆ, ಅಡಿಯಲ್ಲಿ ಹನಿ ನೀರಾವರಿ ಪೈಪು, ಅದೇ ಪೈಪಿನಲ್ಲಿ ಕರಗುವ ಗೊಬ್ಬರ, ಗಿಡಕ್ಕೆ ಆಸರೆಯಾಗಿ ಗೂಟ ಮತ್ತು ದಾರ. ಹೆಸರಘಟ್ಟದ ಸಂಸ್ಥೆ ಹೊರತಂದ ‘ಅರ್ಕಾ ರಕ್ಷಕ್’ ಎಲೆ ಮುದುಡು ನಂಜು, ದುಂಡಾಣು ಸೊರಗು ರೋಗ, ಅಂಗಮಾರಿ ಮೂರನ್ನೂ ತಡೆದುಕೊಳ್ಳುವ ಸಂಕರಣ ತಳಿ. ಔಷಧಿ ಸಿಂಪಡಣೆಯ ಖರ್ಚನ್ನು ಇಳಿಸುವ ಇಂಥ ತಳಿ ಬರುವುದು ಸಣ್ಣ ಮಾತಲ್ಲ. ಆ ವಿಜ್ಞಾನಿಗಳ ದುಡಿಮೆಯ ಬಗ್ಗೆ ನನಗೆ ಅಪಾರ ಗೌರವವಿದೆ.

ಈಗ ಅದೇ ಗಿಡದ ಕಾಯಿ ಕೋಲಾರದ ಎಪಿಎಂಸಿಗೆ ಬಂದಾಗ ಆಗುವುದನ್ನು ನೋಡಿ. ಹದಿನೈದು ಕಿಲೋ ತುಂಬಿದ ಬಾಕ್ಸು. ಮಂಡಿಯ ಅಂಗಳದಲ್ಲಿ ಸಾಲಾಗಿ ಪೇರಿಸಿದ ಬಾಕ್ಸುಗಳ ಮುಂದೆ ಹರಾಜು ಕೂಗುವವನು ನಡೆದು ಹೋಗುತ್ತಾನೆ. ಒಂದು ಸಾಲಿನ ಬೆಲೆ ನಿಮಿಷದೊಳಗೆ ತೀರ್ಮಾನವಾಗುತ್ತದೆ. ನಾಲ್ಕು ತಿಂಗಳ ದುಡಿಮೆ, ಎಕರೆಗೆ ಲಕ್ಷ ದಾಟಿದ ಖರ್ಚು, ಎಲ್ಲದರ ಹಣೆಬರಹ ಆ ನಿಮಿಷದಲ್ಲಿ. 2023ರ ಜುಲೈನಲ್ಲಿ ಒಂದು ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತು. ಟೊಮೆಟೊ ತೋಟಕ್ಕೆ ರಾತ್ರಿ ಕಾವಲು ಕೂತ ದಿನಗಳವು. ಅದೇ ಸೆಪ್ಟೆಂಬರ್ ಹೊತ್ತಿಗೆ ಬೆಲೆ ನೆಲಕಚ್ಚಿತ್ತು. ಜುಲೈನ ಬೆಲೆ ನೋಡಿ ಸಸಿ ನೆಟ್ಟವರ ಫಸಲು ಮಾರುಕಟ್ಟೆಗೆ ಬಂದದ್ದು ಕಿತ್ತ ಕೂಲಿಯೂ ಹುಟ್ಟದ ಕಾಲದಲ್ಲಿ.

ಇಲ್ಲಿ ತಂತ್ರಜ್ಞಾನ ಸೋತಿತು ಎಂದು ಹೇಳುವಂತಿಲ್ಲ. ಅದು ತನ್ನ ಕೆಲಸವನ್ನು ಪೂರ್ತಿ ಮಾಡಿದೆ, ಮತ್ತು ತೊಡಕು ಇರುವುದೂ ಅಲ್ಲೇ. ಒಬ್ಬ ರೈತ ಹೊಸ ತಳಿ ಹಾಕಿ ಎಕರೆಗೆ ಹತ್ತು ಟನ್ ಹೆಚ್ಚು ಬೆಳೆದರೆ ಅವನಿಗೆ ಲಾಭ. ತಾಲ್ಲೂಕಿಗೆ ತಾಲ್ಲೂಕೇ ಹತ್ತು ಟನ್ ಹೆಚ್ಚು ಬೆಳೆದರೆ, ತಿನ್ನುವ ಬಾಯಿಗಳು ಅಷ್ಟೇ ಇರುವಾಗ, ಬೆಲೆ ಬೀಳುತ್ತದೆ. ಮನೆಯಲ್ಲಿ ಸಾರಿಗೆ ಬೇಕಾದ ಟೊಮೆಟೊ ಮೂರೇ. ಬೆಲೆ ಅರ್ಧವಾಯಿತೆಂದು ಯಾರೂ ಆರು ಹಾಕುವುದಿಲ್ಲ. ಮೊದಲು ಅಳವಡಿಸಿಕೊಂಡವನು ಗೆಲ್ಲುತ್ತಾನೆ, ಕಡೆಗೆ ಅಳವಡಿಸಿಕೊಂಡವನು ಸಾಲದಲ್ಲಿ ಬೀಳುತ್ತಾನೆ. ಕಡೆಗೆ ಬರುವವನು ಯಾವಾಗಲೂ ಸಣ್ಣ ಹಿಡುವಳಿದಾರ. ಕೈಯಲ್ಲಿ ದುಡ್ಡಿಲ್ಲದ ಕಾರಣಕ್ಕೇ ಅವನು ತಡವಾಗಿ ಬಂದಿರುತ್ತಾನೆ.

ಗ್ರಾಹಕ ಕೊಡುವ ಒಂದು ರೂಪಾಯಿಯಲ್ಲಿ ಟೊಮೆಟೊ ಬೆಳೆದವನಿಗೆ ಸಿಗುವುದು ಸುಮಾರು 33 ಪೈಸೆ ಎಂದು ಭಾರತೀಯ ರಿಸರ್ವ್ ಬ್ಯಾಂಕ್ 2024ರಲ್ಲಿ ಪ್ರಕಟಿಸಿದ ಅಧ್ಯಯನ ಲೆಕ್ಕ ಹಾಕಿದೆ. ಈರುಳ್ಳಿಗೆ 36, ಆಲೂಗಡ್ಡೆಗೆ 37. ಹೆಚ್ಚಾದ ಟೊಮೆಟೊವನ್ನು ಪೇಸ್ಟ್ ಮಾಡಬಹುದಲ್ಲ ಎಂದು ನಗರದವರು ಕೇಳುತ್ತಾರೆ. ಮಾರುಕಟ್ಟೆಗೆ ಬೆಳೆಯುವ ತಳಿಗಳಲ್ಲಿ ನೀರಿನಂಶ ಹೆಚ್ಚು. ಕುದಿಸಿ ಇಂಗಿಸಿದರೆ ಇಂಧನದ ಖರ್ಚೇ ಮೇಲಾಗುತ್ತದೆ. ಸಂಸ್ಕರಣೆಗೆಂದೇ ‘ಅರ್ಕಾ ವಿಶೇಷ್’, ‘ಅರ್ಕಾ ಅಪೇಕ್ಷಾ’ ತಳಿಗಳನ್ನು ಹೆಸರಘಟ್ಟದವರೇ ಮಾಡಿಟ್ಟಿದ್ದಾರೆ. ಆದರೆ ಕೊಳ್ಳುವ ಕಾರ್ಖಾನೆಯ ಖಾತ್ರಿ ಇಲ್ಲದೆ ರೈತ ಅದನ್ನು ಏಕೆ ನೆಡಬೇಕು? ರೈತರು ನೆಡದೆ ಕಾರ್ಖಾನೆ ಏಕೆ ಬರಬೇಕು? ಟೊಮೆಟೊ, ಈರುಳ್ಳಿ, ಆಲೂಗಡ್ಡೆಗಳ ಬೆಲೆ ಏರಿಳಿತ ತಡೆಯಲು 2018-19ರ ಕೇಂದ್ರ ಬಜೆಟ್‌ನಲ್ಲಿ ₹500 ಕೋಟಿಯ ‘ಆಪರೇಷನ್ ಗ್ರೀನ್ಸ್’ ಘೋಷಣೆಯಾಯಿತು. 2023ರಲ್ಲಿ ನಾವು ಕಂಡದ್ದು ಅದಾದ ಐದು ವರ್ಷಗಳ ನಂತರದ ಏರಿಳಿತ.

ಹಾಲಿನ ವಿಷಯಕ್ಕೆ ಬರೋಣ. ಇಲ್ಲಿ ಬಳಕೆಯಾದ ತಂತ್ರಜ್ಞಾನ ಹೊಳೆಯುವಂಥದ್ದಲ್ಲ. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಟ್ಟ ವೀರ್ಯದ ಕಡ್ಡಿ, ಬೈಕಿನಲ್ಲಿ ಬರುವ ಕೃತಕ ಗರ್ಭಧಾರಣೆ ಕಾರ್ಯಕರ್ತ, ಪಶು ಆಹಾರದ ಚೀಲ, ಹಾಲು ತಣ್ಣಗಿಡುವ ತೊಟ್ಟಿ, ಕೊಬ್ಬಿನಂಶ ಅಳೆಯುವ ಪುಟ್ಟ ಯಂತ್ರ. ಬೆಳಗಿನ ಆರು ಗಂಟೆಗೆ ಊರಿನ ಡೇರಿಯ ಮುಂದೆ ಸ್ಟೀಲ್ ಕ್ಯಾನುಗಳ ಸಾಲು. ಒಬ್ಬೊಬ್ಬರ ಹಾಲೂ ತೂಕಕ್ಕೆ ಬೀಳುತ್ತದೆ. ಚಮಚೆಯಷ್ಟು ಹಾಲು ಪರೀಕ್ಷಾ ಯಂತ್ರಕ್ಕೆ ಹೋಗಿ, ಕೊಬ್ಬು ಎಷ್ಟು, ಕೊಬ್ಬಿಲ್ಲದ ಘನಾಂಶ ಎಷ್ಟು, ಲೀಟರಿಗೆ ಎಷ್ಟು ರೂಪಾಯಿ ಎಂದು ಚೀಟಿ ಹೊರಬರುತ್ತದೆ. ಹಾಲು ಹಾಕಿದ ಹೆಂಗಸು ಆ ಚೀಟಿಯನ್ನು ಮಡಿಸಿ ಸೆರಗಿನ ಗಂಟಿಗೆ ಸೇರಿಸುತ್ತಾಳೆ. ವಾರಕ್ಕೊಮ್ಮೆಯೋ ಹತ್ತು ದಿನಕ್ಕೊಮ್ಮೆಯೋ ದುಡ್ಡು ಖಾತೆಗೆ ಬೀಳುತ್ತದೆ.

ಅಲ್ಲಿ ನಡೆದದ್ದೇನು? ಎರಡು ಲೀಟರ್ ತಂದವಳಿಗೂ ಇಪ್ಪತ್ತು ಲೀಟರ್ ತಂದವನಿಗೂ ಒಂದೇ ಅಳತೆ, ಒಂದೇ ದರಪಟ್ಟಿ. ಎಷ್ಟೇ ತಂದರೂ ಕೊಳ್ಳುತ್ತೇವೆ ಎಂಬ ಭರವಸೆ. ಬೆಲೆ ಮೊದಲೇ ಗೊತ್ತು. 1974ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಕರ್ನಾಟಕ ಡೇರಿ ಅಭಿವೃದ್ಧಿ ನಿಗಮವಾಗಿ ಆರಂಭವಾಗಿ, 1984ರಲ್ಲಿ ಹಾಲು ಮಹಾಮಂಡಳವಾದ ವ್ಯವಸ್ಥೆಯಲ್ಲಿ ಇವತ್ತು ಹದಿನಾಲ್ಕು ಸಾವಿರಕ್ಕೂ ಹೆಚ್ಚು ಹಳ್ಳಿ ಸಂಘಗಳಿವೆ. 2024ರ ಜೂನ್ ಹೊತ್ತಿಗೆ ದಿನದ ಸಂಗ್ರಹ ಒಂದು ಕೋಟಿ ಲೀಟರ್ ಮುಟ್ಟಿತು. ಸಂಗ್ರಹ ಹೆಚ್ಚಾದಾಗ ಅದನ್ನು ಪುಡಿ ಮಾಡಿಯೋ ಬೆಣ್ಣೆ ತೆಗೆದೋ ದಾಸ್ತಾನು ಇಡುವ ತಲೆಬಿಸಿ ಒಕ್ಕೂಟದ್ದು. ಟೊಮೆಟೊದಲ್ಲಿ ಅದು ರೈತನದ್ದು. ಲೀಟರಿಗೆ ಐದು ರೂಪಾಯಿಯ ಸರ್ಕಾರಿ ಪ್ರೋತ್ಸಾಹಧನವೂ ಇದರ ಮೇಲೆ ಇದೆ. ಹೀಗಿರುವಾಗ ಹಸು ಒಂದು ಲೀಟರ್ ಹೆಚ್ಚು ಹಾಲು ಕೊಟ್ಟರೆ ಆ ಲೀಟರು ನೇರವಾಗಿ ರೂಪಾಯಿಯಾಗುತ್ತದೆ.

ಹಾಲಿನಲ್ಲಿ ಎಲ್ಲವೂ ಸರಿಯಿದೆ ಎಂದು ನಾನು ಹೇಳಲಾರೆ. ಹಿಂಡಿ, ಬೂಸಾ ದರ ಏರುತ್ತಲೇ ಇದೆ. ಕೆಚ್ಚಲು ಬಾವು ಬಂದ ಹಸು ತಿಂಗಳ ಲಾಭವನ್ನು ವಾರದಲ್ಲಿ ನುಂಗುತ್ತದೆ. 2022ರಲ್ಲಿ ಚರ್ಮಗಂಟು ರೋಗ ಎಷ್ಟೋ ಕೊಟ್ಟಿಗೆಗಳನ್ನು ಖಾಲಿ ಮಾಡಿತು. ಎಲ್ಲಕ್ಕಿಂತ ಮುಖ್ಯವಾಗಿ, ಹುಲ್ಲು ಕೊಯ್ದು, ಸಗಣಿ ಬಾಚಿ, ಹಾಲು ಕರೆಯುವ ಹೆಂಗಸರ ದುಡಿಮೆಗೆ ಯಾರೂ ಕೂಲಿ ಕಟ್ಟಿ ಲೆಕ್ಕ ಹಾಕುವುದಿಲ್ಲ. ಹಾಕಿದರೆ ಬಹಳಷ್ಟು ಮನೆಗಳ ‘ಲಾಭ’ ಕರಗಿಹೋಗುತ್ತದೆ. ಆದರೂ ಬಟವಾಡೆ ತಪ್ಪುವುದಿಲ್ಲ ಎಂಬ ಧೈರ್ಯ ಇದೆಯಲ್ಲ, ಅದರಿಂದಲೇ ರೈತ ಹೊಸ ಪ್ರಯೋಗಕ್ಕೆ ಕೈಹಾಕುತ್ತಾನೆ. ಹಾಲು ಕರೆಯುವ ಯಂತ್ರ ಕೊಳ್ಳುತ್ತಾನೆ, ನೇಪಿಯರ್ ಹುಲ್ಲು ಹಾಕುತ್ತಾನೆ, ರಬ್ಬರ್ ಹಾಸು ತರುತ್ತಾನೆ. ಖಾತ್ರಿ ಮೊದಲು ಬಂತು, ತಂತ್ರಜ್ಞಾನ ಹಿಂದೆಯೇ ಬಂತು.

ರಾಗಿಯಲ್ಲಿ ಈ ಕ್ರಮ ತಿರುವುಮುರುವಾಯಿತು. ರಾಗಿ ಹೂವು ಎಷ್ಟು ಸಣ್ಣದೆಂದರೆ ಅದರಲ್ಲಿ ಕೈಯಾರೆ ಸಂಕರಣ ಮಾಡುವುದೇ ಸಾಹಸ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ದುಡಿದ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ನಂಟು ಬೆಸೆದು ‘ಇಂಡಾಫ್’ ತಳಿಗಳನ್ನು ಕೊಟ್ಟರು. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ಮುಂದೆ ಜಿಕೆವಿಕೆಯಿಂದ ಬೆಂಕಿ ರೋಗ ತಡೆಯುವ ಜಿಪಿಯು-28 ಬಂತು. ಎಕರೆಯ ಇಳುವರಿ ಏರಿತು. ಆದರೆ ರಾಗಿಯನ್ನು ಕೇಳುವವರೇ ಇಲ್ಲದ ದಶಕಗಳಲ್ಲಿ ಅದರಿಂದ ಹೊಟ್ಟೆ ತುಂಬಿತೇ ಹೊರತು ಜೇಬು ತುಂಬಲಿಲ್ಲ. ರಾಗಿಗೆ 2014-15ರಲ್ಲಿ ಕ್ವಿಂಟಲಿಗೆ ₹1,550 ಇದ್ದ ಬೆಂಬಲ ಬೆಲೆ 2025-26ಕ್ಕೆ ₹4,886 ಆಗಿದೆ. ಪಡಿತರಕ್ಕೆಂದು ಸರ್ಕಾರ ಖರೀದಿ ಕೇಂದ್ರ ತೆರೆದ ಮೇಲೆ ಮೂವತ್ತು ವರ್ಷ ಹಿಂದಿನ ತಳಿಯ ಇಳುವರಿ ಈಗ ದುಡ್ಡಾಗುತ್ತಿದೆ. ಇಷ್ಟಾದರೂ ಖರೀದಿ ಕೇಂದ್ರ ಯಾವಾಗ ತೆರೆಯುತ್ತದೆ, ಒಬ್ಬರಿಂದ ಎಷ್ಟು ಕ್ವಿಂಟಲ್ ಕೊಳ್ಳುತ್ತಾರೆ ಎಂಬುದು ವರ್ಷ ವರ್ಷ ಬದಲಾಗುತ್ತದೆ. ಈ ಅನಿಶ್ಚಯ ಹೋಗಬೇಕು.

ರಾಗಿಯ ಬಗ್ಗೆ ಇನ್ನೊಂದು ಮಾತು, ಇದನ್ನು ಯಂತ್ರ ಮಾರುವವರು ಹೇಳುವುದಿಲ್ಲ. ಬೆಂಗಳೂರು ಕಟ್ಟಡ ಕೆಲಸಕ್ಕೂ ಕಾರ್ಖಾನೆಗೂ ಆಳುಗಳನ್ನು ಸೆಳೆದುಕೊಂಡ ಮೇಲೆ ರಾಗಿ ಕೊಯ್ಲಿಗೆ ಕಂಬೈನ್ ಯಂತ್ರ ಬಂದಿದೆ. ಗಂಟೆ ಲೆಕ್ಕದಲ್ಲಿ ಕೆಲಸ ಮುಗಿಯುತ್ತದೆ, ಕಾಳು ಚೀಲಕ್ಕೆ ಬೀಳುತ್ತದೆ. ಆದರೆ ಯಂತ್ರ ಕತ್ತರಿಸಿ ಉದುರಿಸಿದ ಹುಲ್ಲು ಕೈಯಲ್ಲಿ ಕೊಯ್ದ ಹುಲ್ಲಿನಂತೆ ಬಣವೆ ಒಟ್ಟಲು ಬರುವುದಿಲ್ಲ, ಮಳೆ ಬಿದ್ದರೆ ಮುಗ್ಗುತ್ತದೆ. ಆ ಹುಲ್ಲು ಬೇಸಿಗೆಯಲ್ಲಿ ಹಸುವಿನ ಮೇವು. ಹಾಗಾಗಿಯೇ ಹಸು ಕಟ್ಟಿದ ಮನೆಗಳಲ್ಲಿ ಈಗಲೂ ಹುಲ್ಲು ಎತ್ತರ ಬರುವ ತಳಿ ಹುಡುಕುತ್ತಾರೆ, ಆಳು ಸಿಕ್ಕರೆ ಕುಡುಗೋಲಿನಲ್ಲೇ ಕೊಯ್ಯುತ್ತಾರೆ. ಹೊರಗಿನಿಂದ ನೋಡುವವರು ಇದನ್ನು ಹಿಂದುಳಿದಿರುವಿಕೆ ಎನ್ನುತ್ತಾರೆ. ಮನೆಯ ಒಟ್ಟು ಲೆಕ್ಕ ಗೊತ್ತಿರುವವರು ಮಾಡುವ ಸರಿಯಾದ ಆಯ್ಕೆ ಅದು. ಒಂದು ಬೆಳೆಯನ್ನಷ್ಟೇ ನೋಡಿ ತಂತ್ರಜ್ಞಾನ ಅಳೆದರೆ ಈ ಲೆಕ್ಕ ಕಣ್ಣಿಗೆ ಬೀಳುವುದಿಲ್ಲ.

ಡ್ರೋನ್, ಕೃತಕ ಬುದ್ಧಿಮತ್ತೆ, ಮಣ್ಣಿನ ಸಂವೇದಕಗಳ ಬಗ್ಗೆ ಬೆಂಗಳೂರಿಗೆ ಇರುವ ಉತ್ಸಾಹ ಒಳ್ಳೆಯದೇ. ಸ್ವಸಹಾಯ ಸಂಘಗಳ ಹೆಂಗಸರಿಗೆ ಶೇ 80ರ ಸಹಾಯಧನದಲ್ಲಿ, ಗರಿಷ್ಠ ₹8 ಲಕ್ಷದವರೆಗೆ, 15,000 ಡ್ರೋನ್ ಕೊಡುವ ಯೋಜನೆಯನ್ನು ಕೇಂದ್ರ 2023ರಲ್ಲಿ ಪ್ರಕಟಿಸಿತು. ಬೆನ್ನಿಗೆ ಔಷಧಿ ಡಬ್ಬ ಕಟ್ಟಿಕೊಂಡು ವಿಷದ ಹನಿಯಲ್ಲಿ ನಡೆಯುವ ಕೂಲಿಯವನ ಆರೋಗ್ಯದ ದೃಷ್ಟಿಯಿಂದ ಇದು ಬೇಕೇ ಬೇಕು. ಆದಾಯದ ದೃಷ್ಟಿಯಿಂದ ಕೇಳಬೇಕಾದದ್ದು ಬೇರೆ: ಯಾವ ಔಷಧಿ, ಯಾವ ರೋಗಕ್ಕೆ, ಯಾವ ದಿನ ಹೊಡೆಯಬೇಕು ಎಂದು ಹೇಳುವವರು ಯಾರು? ಹೋಬಳಿ ಮಟ್ಟದ ರೈತ ಸಂಪರ್ಕ ಕೇಂದ್ರಗಳಲ್ಲಿ ಹುದ್ದೆಗಳು ಖಾಲಿ. ಇರುವ ಸಿಬ್ಬಂದಿಗೆ ಸಹಾಯಧನದ ಅರ್ಜಿ, ಬೆಳೆ ಸಮೀಕ್ಷೆಗಳಲ್ಲೇ ದಿನ ಮುಗಿಯುತ್ತದೆ. ರೋಗ ಹತ್ತಿದ ಎಲೆ ಹಿಡಿದುಕೊಂಡು ರೈತ ಹೋಗುವುದು ಔಷಧಿ ಅಂಗಡಿಗೆ. ಸಲಹೆ ಕೊಡುವವನೇ ಮಾರುವವನೂ ಆದರೆ ಬಾಟಲಿಗಳು ಹೆಚ್ಚಾಗುತ್ತವೆ. 2009ರಲ್ಲಿ ಆರಂಭವಾದ ಭೂಚೇತನ ಯೋಜನೆಯನ್ನು ಇಲ್ಲಿ ನೆನೆಯಲೇಬೇಕು. ಮಣ್ಣು ಪರೀಕ್ಷೆ ಮಾಡಿ, ಸತು, ಬೋರಾನ್, ಗಂಧಕದ ಕೊರತೆ ಎಲ್ಲೆಲ್ಲಿದೆ ಎಂದು ಗುರುತಿಸಿ, ಊರಿನವರೇ ಆದ ರೈತ ಅನುವುಗಾರರ ಮೂಲಕ ಅದನ್ನು ಹೊಲಕ್ಕೆ ಮುಟ್ಟಿಸಿದರು. ಖುಷ್ಕಿ ಜಮೀನಿನಲ್ಲಿ ಇಳುವರಿ ಏರಿತು. ಅದರಲ್ಲಿ ಹಾರುವ ಯಂತ್ರ ಯಾವುದೂ ಇರಲಿಲ್ಲ, ನಡೆದು ಬರುವ ಮನುಷ್ಯನಿದ್ದ.

ಅಂಕಿಅಂಶದ ತಂತ್ರಜ್ಞಾನವೂ ಆದಾಯ ತರಬಲ್ಲದು, ಅದು ಯಾವುದಾದರೂ ಹೊಣೆಗಾರಿಕೆಗೆ ಗಂಟು ಬಿದ್ದಿದ್ದರೆ. ಯಲಹಂಕದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪಂಚಾಯಿತಿಗೊಂದರಂತೆ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕ ಇಟ್ಟಿದೆ. ಹವಾಮಾನ ಆಧಾರಿತ ವಿಮೆಯಲ್ಲಿ ಮಳೆಯ ಅಳತೆಯೇ ಪರಿಹಾರದ ಹಣ ನಿರ್ಧರಿಸುವುದರಿಂದ ಆ ಮಾಪಕ ಮಾವು ಬೆಳೆಗಾರನಿಗೆ ಬೆಲೆಬಾಳುವ ಯಂತ್ರ. ತಿಪಟೂರಿನ ಕೊಬ್ಬರಿ ಮಾರುಕಟ್ಟೆಯಲ್ಲಿ ಇ-ಟೆಂಡರ್ ನಡೆಯುತ್ತದೆ, ಏಕೆಂದರೆ ಕೊಬ್ಬರಿ ಕಾಯುತ್ತದೆ. ಬೆಲೆ ಒಪ್ಪದಿದ್ದರೆ ಚೀಲ ವಾಪಸ್ ಒಯ್ಯಬಹುದು. ಟೊಮೆಟೊ ಕಾಯುವುದಿಲ್ಲ. ಅದಕ್ಕೆ ಪರದೆಯ ಮೇಲಿನ ಹರಾಜಿಗಿಂತ ಹಳ್ಳಿಯ ಹತ್ತಿರ ನಾಲ್ಕು ದಿನ ತಂಪಾಗಿಡುವ ಕೋಣೆ ಹೆಚ್ಚು ಉಪಕಾರಿ.

ನೀರಿನ ಮಾತು ಚುಟುಕಾಗಿ ಹೇಳುತ್ತೇನೆ, ಅದು ಬೇರೆಯೇ ಲೇಖನಕ್ಕೆ ಆಗುವಷ್ಟಿದೆ. ಹನಿ ನೀರಾವರಿಗೆ ರಾಜ್ಯದಲ್ಲಿ ಶೇ 90ರವರೆಗೆ ಸಹಾಯಧನ ಸಿಕ್ಕಿದೆ. ಗಿಡಕ್ಕೆ ನೀರು ಉಳಿಯಿತು, ನಿಜ. ಉಳಿದ ನೀರಿನಲ್ಲಿ ರೈತ ಇನ್ನರ್ಧ ಎಕರೆ ಹೆಚ್ಚು ನೆಟ್ಟ. ಅವನ ಜಾಗದಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು. ಅಂತರ್ಜಲಕ್ಕೆ ಒಂದು ಹನಿಯೂ ಉಳಿಯಲಿಲ್ಲ. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಕೊಳವೆಬಾವಿ ಸಾವಿರ ಅಡಿ ದಾಟಿ ಹೋಗಿದೆ. ಬತ್ತಿದ ಒಂದು ಬಾವಿಯ ಸಾಲ ಮೂರು ಒಳ್ಳೆಯ ಬೆಳೆಗಳ ಲಾಭವನ್ನು ತಿನ್ನುತ್ತದೆ. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ, ದಿನಕ್ಕೆ 44 ಕೋಟಿ ಲೀಟರ್ ಗುರಿ ಇಟ್ಟುಕೊಂಡು, ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ಬಾವಿಗಳಲ್ಲಿ ನೀರು ಕಂಡದ್ದು ನಿಜ. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯ ಹಂತವೂ ಬೇಕು ಎಂದು ಆ ಜಿಲ್ಲೆಯ ಜನ ಕೇಳುತ್ತಲೇ ಬಂದಿದ್ದಾರೆ, ಕೇಳುವ ಹಕ್ಕು ಅವರಿಗಿದೆ. ನಗರ ಕುಡಿಯಲಾರದ ನೀರನ್ನು ನಗರಕ್ಕೆ ತರಕಾರಿ ಬೆಳೆಯುವ ನೆಲಕ್ಕೆ ಕಳಿಸುವಾಗ ಅದರ ಗುಣಮಟ್ಟದ ಹೊಣೆ ನಗರದ್ದೇ.

ಹಾಗಾದರೆ ಟೊಮೆಟೊ ಬೆಳೆಗಾರನಿಗೆ ಬೆಂಗಳೂರಿನ ತಂತ್ರಜ್ಞರು ಏನು ಮಾಡಿಕೊಡಬಹುದು? ನನಗೆ ಕಾಣುವ ಒಂದು ಕೆಲಸ ಬಹಳ ಅಗ್ಗದ್ದು. ಈ ಭಾಗದ ಬಹುಪಾಲು ಟೊಮೆಟೊ ಸಸಿ ಈಗ ನರ್ಸರಿಗಳಿಂದಲೇ ಹೋಗುತ್ತದೆ. ಸಸಿಗೆ ಇಪ್ಪತ್ತೈದು ದಿನ, ನೆಟ್ಟ ಮೇಲೆ ಮೊದಲ ಕೊಯ್ಲಿಗೆ ಎರಡು ತಿಂಗಳಿಗೂ ಮೇಲೆ. ಅಂದರೆ ಈ ವಾರ ನರ್ಸರಿಗಳಲ್ಲಿ ಬುಕ್ ಆದ ಸಸಿಗಳ ಲೆಕ್ಕ ಸಿಕ್ಕರೆ, ಸುಮಾರು ಮೂರು ತಿಂಗಳ ನಂತರ ಮಂಡಿಗೆ ಬರುವ ಬಾಕ್ಸುಗಳ ಅಂದಾಜು ಇವತ್ತೇ ಸಿಗುತ್ತದೆ. ಉಪಗ್ರಹ ಬೇಕಿಲ್ಲ, ಸಂವೇದಕ ಬೇಕಿಲ್ಲ. ನರ್ಸರಿಯವರ ಪುಸ್ತಕದಲ್ಲಿ ಈಗಾಗಲೇ ಬರೆದಿಟ್ಟ ಸಂಖ್ಯೆಯನ್ನು ತಾಲ್ಲೂಕುವಾರು ಕೂಡಿಸಿ, ವಾರಕ್ಕೊಮ್ಮೆ ರೈತರ ಮೊಬೈಲಿಗೆ ಕನ್ನಡದಲ್ಲಿ, ತೆಲುಗಿನಲ್ಲಿ ಕಳಿಸಬೇಕು, ಅಷ್ಟೆ.

ಇದಕ್ಕೆ ಎರಡು ಆಕ್ಷೇಪ ಬರುತ್ತವೆ. ಮೊದಲನೆಯದು, ಮದನಪಲ್ಲಿ, ನಾರಾಯಣಗಾಂವ್ ಕಡೆಯ ಟೊಮೆಟೊ ಈ ಲೆಕ್ಕದೊಳಗೆ ಬರುವುದಿಲ್ಲ ಎಂಬುದು. ಸರಿಯಾದ ಆಕ್ಷೇಪ. ಆಂಧ್ರ, ಮಹಾರಾಷ್ಟ್ರಗಳೂ ಸೇರದೆ ಚಿತ್ರ ಪೂರ್ತಿಯಾಗುವುದಿಲ್ಲ. ಕೇಂದ್ರ ಸರ್ಕಾರ ಕೈಜೋಡಿಸಬೇಕಾದ್ದು ಇಲ್ಲಿ. ಎರಡನೆಯದು, ಸಸಿ ಹೆಚ್ಚು ಬುಕ್ ಆಗಿದೆ ಎಂದು ತಿಳಿದು ಎಲ್ಲರೂ ಹಿಂದೆ ಸರಿದರೆ ಮೂರು ತಿಂಗಳ ನಂತರ ಕೊರತೆ ಆಗುವುದಿಲ್ಲವೇ ಎಂಬುದು. ಒಂದೆರಡು ಹಂಗಾಮು ಹಾಗೂ ಆಗಬಹುದು. ಆದರೆ ಎಲ್ಲರೂ ಒಟ್ಟಿಗೆ ಹಿಂದೆ ಸರಿಯುವುದಿಲ್ಲ. ನೀರು ಕಡಿಮೆ ಇರುವವನು, ಸಾಲ ಮಾಡಿ ನೆಡಬೇಕಾದವನು ಮೊದಲು ಸರಿದು ಅವರೆಯನ್ನೋ ಬೀನ್ಸನ್ನೋ ಹಾಕುತ್ತಾನೆ. ನಷ್ಟ ತಡೆದುಕೊಳ್ಳಬಲ್ಲವನು ಉಳಿಯುತ್ತಾನೆ. ಈಗ ಇಬ್ಬರೂ ಕಣ್ಣು ಕಟ್ಟಿಕೊಂಡು ನೆಡುತ್ತಿದ್ದಾರೆ, ಬೆಲೆ ಬಿದ್ದಾಗ ಮೊದಲು ಮುಳುಗುವವನು ಸಾಲ ಮಾಡಿದವನು. ರೈತ ಉತ್ಪಾದಕ ಕಂಪನಿಗಳು, ತೋಟಗಾರಿಕೆ ಬೆಳೆಗಾರರ ಸಹಕಾರಿ ಮಾರಾಟ ಸಂಸ್ಥೆಯಾದ ಹಾಪ್‌ಕಾಮ್ಸ್, ಸಂಸ್ಕರಣಾ ಘಟಕ ಹಾಕಲು ಯೋಚಿಸುತ್ತಿರುವವರು, ಸಾಲ ಕೊಡುವ ಬ್ಯಾಂಕು, ಎಲ್ಲರಿಗೂ ಈ ಅಂದಾಜು ಬೇಕು. ಅದನ್ನು ಕೂಡಿಸುವ ಕೆಲಸವನ್ನು ತೋಟಗಾರಿಕೆ ಇಲಾಖೆ ಮುಂದಿನ ಮುಂಗಾರಿನ ನಾಟಿಗೆ ಮೊದಲೇ, ಕೋಲಾರ ಮತ್ತು ಚಿಕ್ಕಬಳ್ಳಾಪುರ ಎರಡೇ ಜಿಲ್ಲೆಗಳಲ್ಲಾದರೂ, ಶುರು ಮಾಡಬಹುದು.